ಮಾತ್ರೆ ನುಂಗಿದರೆ ಮಾಫಿ

ಮಂಗಳವಾರದಿಂದ ಒಂದೇ ಮಾತು ತಲೆ ಕೊರೆಯುತ್ತಿದೆ. ಇಲ್ಲಿ ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಮನೆ ಹತ್ತಿರದ ಫಾರ್ಮಸಿಗೆ ಹೋಗಿದ್ದೆ. ಡಯಾಬಿಟಿಸ್ ಇದೆ ಅಂದೆ. ಕೌಂಟರಿನ ಹುಡುಗಿ ಕೇಳಿದಳು, "ಮಾತ್ರೆನಾ, ಇನ್ಸುಲಿನ್ನಾ?"

"ಎರಡೂ ಇಲ್ಲ. ಊಟದಲ್ಲೇ ಹಿಡಿತಕ್ಕೆ ತಂದಿದ್ದೀನಿ."

"ಹಾಗಾದ್ರೆ ದುಡ್ಡು ಕಟ್ಟಬೇಕು."

ಒಂದೊಂದು ಔಷಧಿಗೂ 9 ಪೌಂಡ್ 90 ಪೆನ್ಸ್. ಬಿ.ಪಿ. ಮಾತ್ರೆ, ಕೊಲೆಸ್ಟೆರಾಲ್ ಮಾತ್ರೆ, ಕಾಲ್ಬೆರಳ ಸಂದಿಗೆ ಒಂದು ಮುಲಾಮು. ಒಟ್ಟು 29.70. ಹುಡುಗಿ ಒಳ್ಳೆಯವಳು, ಮುಖ ಸಣ್ಣದು ಮಾಡಿಕೊಂಡೇ ಹೇಳಿದಳು. ಇಂಗ್ಲೆಂಡಿನ ನಿಯಮವೇ ಹಾಗೆ. ಸಕ್ಕರೆ ಕಾಯಿಲೆಗೆ ಮಾತ್ರೆಯೋ ಇನ್ಸುಲಿನ್ನೋ ಶುರುವಾದರೆ 5 ವರ್ಷದ ವಿನಾಯಿತಿ ಸರ್ಟಿಫಿಕೇಟ್ ಸಿಗುತ್ತದೆ. ಆಮೇಲೆ ಕಣ್ಣಿಗೆ, ಕಜ್ಜಿಗೆ, ಕೆಮ್ಮಿಗೆ ಡಾಕ್ಟರ್ ಏನೇ ಬರೆದುಕೊಟ್ಟರೂ ಪುಕ್ಕಟೆ. ಬರೀ ಪಥ್ಯದಲ್ಲಿರುವವರಿಗೆ ಮಾತ್ರ ಇಲ್ಲ.

ನಮ್ಮ ಪರಿಚಯದವರೊಬ್ಬರು ಇದ್ದಾರೆ. ಯುಗಾದಿ ಊಟದಲ್ಲಿ ಹೋಳಿಗೆ ಮೇಲೆ ಹೋಳಿಗೆ ಹಾಕಿಸಿಕೊಂಡು, "ಒಂದು ಮೆಟ್‌ಫಾರ್ಮಿನ್ ಎಸೆದ್ರೆ ಆಯ್ತು ಬಿಡಿ" ಅಂದರು. ಮೆಟ್‌ಫಾರ್ಮಿನ್ ಅಂದರೆ ಸಕ್ಕರೆ ಕಾಯಿಲೆಯ ಮಾತ್ರೆ. ತುಂಬಾ ಒಳ್ಳೆ ಮನುಷ್ಯ, ಯಾರಿಗೆ ಕಷ್ಟ ಅಂದರೂ ಕಾರು ತಗೊಂಡು ಓಡಿಬರುತ್ತಾರೆ. ಆದರೂ ಮಂಗಳವಾರದಿಂದ ಅವರ ಮೇಲೆ ಸುಮ್ನೆ ಸಿಟ್ಟು ಬರುತ್ತಿದೆ. ಅವರಿಗೆ ಎಲ್ಲಾ ಪುಕ್ಕಟೆ.

ನನ್ನ ಅಡುಗೆಮನೆ ಕಟ್ಟೆ ಮೇಲೆ ಚಿನ್ನದಂಗಡಿಯವರ ಹಾಗೆ ಒಂದು ತಕ್ಕಡಿ ಕೂತಿದೆ. ಅಕ್ಕಿ 40 ಗ್ರಾಂ ತೂಗುತ್ತೇನೆ. ನಾಲ್ಕು ಕಾಳು ಜಾಸ್ತಿಯಾದರೆ ಚಿವುಟಿ ಡಬ್ಬಕ್ಕೆ ಹಾಕುತ್ತೇನೆ. ಪಕ್ಕದಲ್ಲೇ ಯಜಮಾನರ ತಟ್ಟೆಯಲ್ಲಿ ಗುಡ್ಡೆ ಅನ್ನ. ಮುದ್ದೆ ತಿಂದರೆ ಸಕ್ಕರೆ ಏರಲ್ಲ ಅಂತ ಊರಿಂದ ಎಲ್ಲರೂ ಫೋನಿನಲ್ಲಿ ಹೇಳುತ್ತಾರೆ. ಏರುತ್ತೆ ಸ್ವಾಮಿ, ಮೀಟರ್ ಇಟ್ಟು ನೋಡಿದ್ದೇನೆ. ಹಾಗಾಗಿ ಅದೂ ಅರ್ಧ. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೇ ಕತ್ತಲಾಗುವ ಊರಲ್ಲಿ ಟೋಪಿ ಎಳೆದುಕೊಂಡು ವಾಕಿಂಗು. ಇಷ್ಟೆಲ್ಲಾ ಮಾಡಿ ಎಚ್‌ಬಿಎ1ಸಿ, ಅಂದರೆ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತ ಪರೀಕ್ಷೆ, ಇಲ್ಲಿನ ಅಳತೆಯಲ್ಲಿ 49ಕ್ಕೆ ಇಳಿದಿದೆ. 48 ಮುಟ್ಟಿದರೇ ಇಲ್ಲಿ ಡಯಾಬಿಟಿಸ್ ಲೆಕ್ಕ. ಅಂದರೆ ಕಾಯಿಲೆ ಇನ್ನೂ ನನ್ನ ಹತ್ತಿರವೇ ಇದೆ.

"ಹಾಗಾದ್ರೆ ದುಡ್ಡು ಕಟ್ಟಬೇಕು."

ಇನ್ನೊಂದು ತಮಾಷೆ ಕೇಳಿ. ಆ ಕೊಲೆಸ್ಟೆರಾಲ್ ಮಾತ್ರೆ ಕೊಟ್ಟಿದ್ದೇ ಡಯಾಬಿಟಿಸ್ ಇದೆ, ಹೃದಯಕ್ಕೆ ಅಪಾಯ ಜಾಸ್ತಿ ಅಂತ. ಮಾತ್ರೆ ಬರೆಯುವಾಗ ನಾನು ಡಯಾಬಿಟಿಸ್‌ನವಳು, ಬಿಲ್ ಮಾಡುವಾಗ ಅಲ್ಲ!

ಈ ವಿನಾಯಿತಿ ಪಟ್ಟಿ ಮಾಡಿದ್ದು 1968ರಲ್ಲಿ. 2009ರಲ್ಲಿ ಕ್ಯಾನ್ಸರ್ ಸೇರಿಸಿದರು, ಪಥ್ಯದವರ ಕಡೆ ಯಾರೂ ತಿರುಗಿ ನೋಡಲಿಲ್ಲ. ಕಾರ್ಡಿಫ್‌ನಲ್ಲಿರುವ ಚಿಕ್ಕಮ್ಮನ ಮಗಳಿಗೆ ಹೇಳಿದರೆ ನಕ್ಕಳು. ವೇಲ್ಸ್‌ನಲ್ಲಿ 2007ರಿಂದ ಔಷಧಿ ಚೀಟಿಗೆ ಯಾರೂ ದುಡ್ಡು ಕೊಡುವ ಹಾಗಿಲ್ಲ. ಆಮೇಲೆ ಉತ್ತರ ಐರ್ಲೆಂಡ್, ಸ್ಕಾಟ್‌ಲೆಂಡ್ ಕೂಡ ಹಾಗೇ ಮಾಡಿದವು. "ಅಕ್ಕಾ, ಸೇತುವೆ ದಾಟಿ ವೇಲ್ಸ್‌ಗೆ ಬಂದುಬಿಡಿ" ಅಂತಾಳೆ.

ರಕ್ತ ಪರೀಕ್ಷೆ, ಕಣ್ಣಿನ ಫೋಟೋ, ಪಾದದ ತಪಾಸಣೆ, ಇದಕ್ಕೆಲ್ಲ ಒಂದು ಪೆನ್ನಿಯೂ ತಗೊಳ್ಳಲ್ಲ. ಅದನ್ನು ಹೇಳಲೇಬೇಕು. ಆದರೆ ಮಾತ್ರೆಯಿಲ್ಲದೆ ಸಂಭಾಳಿಸಿ ಅಂತ ಪಾಂಪ್ಲೆಟ್ ಕೊಡುವವರೇ, ಸಂಭಾಳಿಸಿದವರ ಕೈಗೆ ಬಿಲ್ಲನ್ನೂ ಕೊಟ್ಟರೆ ಹೇಗೆ? ತಕ್ಕಡಿ ಹಿಡಿದು ನಿಂತಿದ್ದು ಚಿಕಿತ್ಸೆ ಅಲ್ವಾ?

ಯಜಮಾನರ ಹತ್ತಿರ ಉಪಾಯ ಸಿದ್ಧವಿತ್ತು. "ಒಂದು ಮೆಟ್‌ಫಾರ್ಮಿನ್ ಬರೆಸ್ಕೋ. ನುಂಗಿದ್ಯಾ ಇಲ್ವಾ ಅಂತ ಯಾರು ನೋಡ್ತಾರೆ?" ಅವರು ನಿವೃತ್ತ ಅಕೌಂಟೆಂಟು, ಲೆಕ್ಕ ಸರಿಯಾಗಿಯೇ ಇದೆ. ಬೇಡ ಅಂದೆ. 60 ತುಂಬಿದರೆ ಇಲ್ಲಿ ಎಲ್ಲರಿಗೂ ಪುಕ್ಕಟೆ, ನನಗಿನ್ನೂ ನಾಲ್ಕು ವರ್ಷ ಇದೆ. ಅಲ್ಲಿವರೆಗೆ ವರ್ಷಕ್ಕೆ 114.50 ಪೌಂಡಿನ ಪ್ರೀಪೇಮೆಂಟ್ ಸರ್ಟಿಫಿಕೇಟ್ ಮಾಡಿಸಿಕೊಂಡೆ, ಹತ್ತು ಕಂತಿನಲ್ಲಿ. ಅದಿದ್ದರೆ ಒಂದೊಂದು ಔಷಧಿಗೂ ಬೇರೆ ದುಡ್ಡು ಕಟ್ಟಬೇಕಿಲ್ಲ.