ಡೆಲ್ಲಿಯಲ್ಲಿ ಕಿಚ್ಚು ಹಾಯಿಸಿದ್ದು

"ಅಮ್ಮಾ, ತಾತನ ಊರಲ್ಲಿ ಹಸುಗಳಿಗೆ ಅಷ್ಟೊಂದು ಚಳಿ ಆಗುತ್ತಾ?"

ಎಳ್ಳಿಗೆ ಕೊಬ್ಬರಿ ಹೆಚ್ಚುತ್ತಾ ಕೂತಿದ್ದೆ. ತಕ್ಷಣ ಅರ್ಥವಾಗಲಿಲ್ಲ. ಮಗ ಮೊಬೈಲ್ ಮುಂದೆ ಹಿಡಿದ. ಹೋದ ಸಂಕ್ರಾಂತಿಗೆ ನನ್ನ ತಮ್ಮ ಕಳಿಸಿದ್ದ ವಿಡಿಯೋ. ಬೀದಿಯಲ್ಲಿ ಹುಲ್ಲಿಗೆ ಬೆಂಕಿ ಹಚ್ಚಿದ್ದಾರೆ, ಎತ್ತುಗಳು ಹಾರಿಕೊಂಡು ಬರುತ್ತಿವೆ. ಡೆಲ್ಲಿಯಲ್ಲೇ ಹುಟ್ಟಿ ಬೆಳೆದ ಹುಡುಗ ಇವನು. ಜನವರಿಯ ಬೆಂಕಿ ಅಂದರೆ ಗೇಟಿನ ಹತ್ತಿರ ವಾಚ್‌ಮನ್‌ಗಳು ಸುತ್ತ ಕೂತು ಕೈ ಕಾಯಿಸಿಕೊಳ್ಳುವುದು, ಅಷ್ಟೇ ಅವನಿಗೆ ಗೊತ್ತು. ಪಾಪ, ಹಸುಗಳೂ ಹಾಗೇ ಅಂದುಕೊಂಡಿದ್ದಾನೆ.

"ಚಳಿಗಲ್ಲ ಕಣೋ, ಹಬ್ಬಕ್ಕೆ" ಅಂದೆ.

"ಮತ್ತೆ ನಾವ್ಯಾಕೆ ಮಾಡಲ್ಲ?"

ಹಸು ಇಲ್ಲ ಅಂದೆ. ಬೀದಿಯಲ್ಲಿ ಬೇಕಾದಷ್ಟಿವೆ, ಒಂದನ್ನು ಹಿಡಿದುಕೊಂಡು ಬರೋಣ ಅಂದ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಉತ್ತರ ಹುಡುಕುವಷ್ಟು ಪುರುಸೊತ್ತೂ ಇರಲಿಲ್ಲ ಬಿಡಿ. ಹಬ್ಬದ ದಿನ ನಾಲ್ಕು ಮನೆಯವರು ಊಟಕ್ಕೆ ಬರುವವರಿದ್ದರು. ನನ್ನ ಗಂಡ ಕೇಂದ್ರ ಸರ್ಕಾರಿ ನೌಕರ. ವರ್ಷಕ್ಕೆ ಸಿಗುವ ಎರಡು ಐಚ್ಛಿಕ ರಜೆಗಳಲ್ಲಿ, ಅಂದರೆ ಆರ್‌.ಎಚ್‌.ನಲ್ಲಿ ಒಂದನ್ನು ಸಂಕ್ರಾಂತಿಗೇ ಎತ್ತಿಡುತ್ತಾರೆ. ಐಎನ್ಎ ಮಾರ್ಕೆಟ್ಟಿಗೆ ಹೋಗಿ ಹುರಿಗಡಲೆ, ಕೊಬ್ಬರಿ, ಬಾಳೆ ಎಲೆ ತಂದರು. ಕಬ್ಬಿನ ಜ್ಯೂಸ್ ಗಾಡಿಯವನನ್ನು ಕಾಡಿ ಬೇಡಿ ಎರಡು ಜಲ್ಲೆ ತಂದರು. ಮಂಡ್ಯ ಜಿಲ್ಲೆಯ ಹೆಣ್ಣುಮಗಳು ಕಬ್ಬಿಗೆ ದುಡ್ಡು ಕೊಡುವುದು ಅಂದರೆ ನಮ್ಮೂರಲ್ಲಿ ನಗುತ್ತಾರೆ. ಅವರೆಕಾಯಿ ಮಾತ್ರ ಸಿಗಲಿಲ್ಲ. ಇಲ್ಲಿನ ಚಳಿಗಾಲದ ಬಟಾಣಿ ಬಹಳ ಸಿಹಿ, ಹುಗ್ಗಿಗೆ ಅದನ್ನೇ ಹಾಕಿದೆ. ಚೆನ್ನಾಗಿತ್ತು. ಆದರೆ ಸೊಗಡು ಎಲ್ಲಿಂದ ತರೋದು?

ಕಿಚ್ಚಿನ ವಿಷಯ ಅಲ್ಲಿಗೇ ಮುಗಿಯಿತು ಅಂದುಕೊಂಡಿದ್ದೆ. ಮುಗಿದಿರಲಿಲ್ಲ. ಮಗ ಕೆಳಗಿನ ಮನೆಯ ಪಂಜಾಬಿ ಆಂಟಿಗೆ ಎಲ್ಲಾ ಹೇಳಿಬಂದಿದ್ದ. ಇವನು ಅವರನ್ನು ದಾದಿ, ಅಂದರೆ ಹಿಂದಿಯಲ್ಲಿ ಅಜ್ಜಿ, ಅಂತಲೇ ಕರೆಯುವುದು. 13ರ ರಾತ್ರಿ ಪಾರ್ಕಿನಲ್ಲಿ ಅವರ ಲೋಹ್ರಿ ಹಬ್ಬ. ಸೌದೆ ಉರಿಯುತ್ತಿತ್ತು, ಜನ ಸುತ್ತು ಬರುತ್ತಾ ಕಡಲೆಕಾಯಿ, ರೇವಡಿ, ಪಾಪ್‌ಕಾರ್ನ್ ಬೆಂಕಿಗೆ ಎಸೆಯುತ್ತಿದ್ದರು. ಆಂಟಿ ಗಜಕ್‌ನ ತುಂಡೊಂದನ್ನು ನನ್ನ ಬಾಯಿಗೇ ತುರುಕಿದರು. "ನಿಮ್ಮಲ್ಲೂ ಎಳ್ಳು ಬೆಲ್ಲ, ನಮ್ಮಲ್ಲೂ ಎಳ್ಳು ಬೆಲ್ಲ. ನಾಳೆ ಸಂಜೆ ಹುಡುಗನನ್ನು ಕೆಳಗೆ ಕಳಿಸು" ಅಂದರು. ಯಾಕೆ ಅಂತ ಹೇಳಲಿಲ್ಲ.

ಮಾರನೇ ದಿನ ಮನೆ ತುಂಬಾ ಜನ. ಧಾರವಾಡದವರು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಕುಸುರೆಳ್ಳು ತಂದಿದ್ದರು. ಕುಂದಾಪುರದವರು ಸುಮ್ನೆ ಬಂದು ಎಲ್ಲರಿಗಿಂತ ಜಾಸ್ತಿ ತಿಂದರು, ಅದೂ ಬೇಕಲ್ವಾ. ಹೊರಗೆ ಮಧ್ಯಾಹ್ನವಾದರೂ ಮಂಜು ಸರಿದಿರಲಿಲ್ಲ. ಸೂರ್ಯ ಪಥ ಬದಲಿಸಿದನೋ ಇಲ್ಲವೋ ನೋಡೋಣ ಅಂದರೆ ಸೂರ್ಯನೇ ಇಲ್ಲ.

ಸಂಜೆ ಆಂಟಿ ದೊಡ್ಡ ಡಬ್ಬಿ ಹಿಡಿದು ಮೇಲೆ ಬಂದರು. ಹಿಂದಿನ ರಾತ್ರಿಯೇ ಕಬ್ಬಿನ ಹಾಲಿನಲ್ಲಿ ಅಕ್ಕಿ ಬೇಯಿಸಿ ಮಾಡಿದ್ದ ಖೀರು. ಪುಷ್ಯದಲ್ಲಿ ಬೇಯಿಸಿ ಮಾಘದಲ್ಲಿ ತಿನ್ನಬೇಕಂತೆ. ಆಮೇಲೆ ಎಲ್ಲರನ್ನೂ ಕೆಳಗೆ ಕರೆದುಕೊಂಡು ಹೋದರು. ಪಾರ್ಕಿನ ಮೂಲೆಯಲ್ಲಿ ಒಂದು ಗೋಣಿಚೀಲ. ಅದರ ತುಂಬಾ ಭತ್ತದ ಹುಲ್ಲು!

ಡೆಲ್ಲಿಯಲ್ಲಿ ಭತ್ತದ ಹುಲ್ಲು ಎಲ್ಲಿಂದ ಬರಬೇಕು? ಕಾಶ್ಮೀರದ ಸೇಬಿನ ಪೆಟ್ಟಿಗೆಗಳಲ್ಲಿ ಹಣ್ಣಿನ ಕೆಳಗೆ ಹಾಸಿರುತ್ತಾರಲ್ಲ, ಅದು. ಹಣ್ಣಿನ ಗಾಡಿಯವನಿಗೆ ಹೇಳಿ ದಿನವೂ ಒಂದಿಷ್ಟು ಕೂಡಿಸಿಟ್ಟಿದ್ದಾರೆ. ಹೊಗೆ ಆಗುತ್ತೆ, ನಿನ್ನೆ ಸುಟ್ಟಿದ್ದು ಸಾಕು ಅಂತ ಸೊಸೈಟಿಯವರು ತಕರಾರು ತೆಗೆದರಂತೆ. "ಹುಲ್ಲು ಸುಟ್ಟು ಬೈಸಿಕೊಳ್ಳುವುದು ನಮ್ಮ ಪಂಜಾಬಿನವರಿಗೆ ಹೊಸದಾ? ಇದು ಒಂದು ಹಿಡಿ" ಅಂತ ಅವರ ಬಾಯಿ ಮುಚ್ಚಿಸಿದ್ದಾರೆ. ತಮ್ಮ ಮನೆಯ ದೇವರಿಗೆ ಹಾಕಿದ್ದ ಚೆಂಡು ಹೂವಿನ ಹಾರ ತೆಗೆದು ಮಗನ ಕೊರಳಿಗೆ ಹಾಕಿದರು. "ಇವತ್ತು ಹಸು ನೀನೇ."

ತೆಳ್ಳಗೆ ಹುಲ್ಲು ಹರಡಿ ಕಡ್ಡಿ ಗೀರಿದರು. ಒಂದು ಕೈ ಅಪ್ಪ, ಒಂದು ಕೈ ಧಾರವಾಡದ ಮಾಮ ಹಿಡಿದು ಹುಡುಗನನ್ನು ಹಾಯಿಸಿದರು. ಆಮೇಲೆ ಉಳಿದ ಮಕ್ಕಳೆಲ್ಲ ಸಾಲುಗಟ್ಟಿದರು. ಎಲ್ಲರೂ ಕೇಕೆ ಹಾಕುತ್ತಿದ್ದರು. ಆ ಹುಲ್ಲಿನ ಹೊಗೆ ಮೂಗಿಗೆ ಬಡಿದದ್ದೇ ತಡ, ನಾನು ಅಲ್ಲಿರಲಿಲ್ಲ.

ಕಿಚ್ಚು ನೋಡಲು ಟಿವಿಯವರು ಮೈಸೂರಿನ ಹತ್ತಿರ ಸಿದ್ದಲಿಂಗಪುರಕ್ಕೆ ಹೋಗುತ್ತಾರೆ. ನಮ್ಮೂರು ಪಾಂಡವಪುರದ ಕಡೆ, ಅಲ್ಲಿಗೆ ಯಾವ ಕ್ಯಾಮೆರಾನೂ ಬರಲ್ಲ. ನಮ್ಮದು ಒಂದು ಜೊತೆ ಹಳ್ಳಿಕಾರ್ ಎತ್ತು, ಬಸವ ಮತ್ತು ರಾಮ. ಬೆಳಿಗ್ಗೆಯೇ ಅಪ್ಪ ನಾಲೆಗೆ ಹೊಡೆದುಕೊಂಡು ಹೋಗಿ ಮೈ ಉಜ್ಜುತ್ತಿದ್ದರು. ಅರಿಶಿನ ಬಳಿಯುವುದು, ಕೊಂಬಿಗೆ ಬಣ್ಣ ಹಚ್ಚುವುದು ನನ್ನ ಮತ್ತು ತಮ್ಮನ ಕೆಲಸ. ರಾಮ ಅಂಜುಬುರುಕ. ಬೆಂಕಿ ಹತ್ತಿರ ಬಂದು ನಿಂತುಬಿಡುತ್ತಿದ್ದ. ಬಸವ ಹಾರಿದರೆ ಅವನೂ ಹಾರುತ್ತಿದ್ದ.

ನಾನು ಮೈಸೂರಿನಲ್ಲಿ ಹಾಸ್ಟೆಲ್ ಸೇರಿದ ವರ್ಷ ಹಬ್ಬಕ್ಕೆ ಊರಿಗೆ ಬಂದಾಗ ಕೊಟ್ಟಿಗೆ ಖಾಲಿ. ಚುಂಚನಕಟ್ಟೆ ಜಾತ್ರೆಯಲ್ಲಿ ಒಳ್ಳೆ ಗಿರಾಕಿ ಸಿಕ್ಕಿದ, ಕೊಟ್ಟುಬಿಟ್ಟೆ ಅಂದರು ಅಪ್ಪ. ವಯಸ್ಸಾಗಿತ್ತು ಅಂತಲೂ ಸೇರಿಸಿದರು. ಆಗಿರಲಿಲ್ಲ. ನನ್ನ ಫೀಸಿಗೆ ಮಾಡಿದ್ದ ಸಾಲ ಅದರಲ್ಲಿ ತೀರಿತು ಅಂತ ಅವ್ವ ಹೇಳಿದ್ದು ನನ್ನ ಮದುವೆಯೆಲ್ಲ ಆದ ಮೇಲೆ. ಅಪ್ಪ ಇವತ್ತಿಗೂ ಹೇಳಿಲ್ಲ. ಆಮೇಲೆ ಹಾಲಿಗೆ ಅಂತ ಸೀಮೆ ಹಸು ತಂದರು. ಅವಕ್ಕೆ ಕಿಚ್ಚು ಹಾರುವುದಿರಲಿ, ಬೇಗ ನಡೆಯುವುದೇ ಕಷ್ಟ. ಆ ಸಂಜೆ ಅಪ್ಪ ನಮ್ಮ ಬಣವೆಯಿಂದ ಹೊರೆ ಹುಲ್ಲು ಹೊತ್ತು ತಂದು ಬೀದಿಗೆ ಹರಡಿದ್ದರು. ಊರವರ ಎತ್ತು ಹಾರುವಾಗ ಎಲ್ಲರಿಗಿಂತ ಜೋರಾಗಿ ಕೂಗಿದ್ದೂ ಅವರೇ. ನಾನು ಹೊಸ ಚೂಡಿದಾರ್ ಹಾಕಿಕೊಂಡು ಪಕ್ಕದಲ್ಲೇ ನಿಂತಿದ್ದೆ.

ನೆಂಟರೆಲ್ಲ ಹೋದ ಮೇಲೆ ಊರಿಗೆ ಫೋನ್ ಮಾಡಿದೆ. ಮಗ ಒಂದೇ ಉಸಿರಿಗೆ ತಾತನಿಗೆ ವರದಿ ಒಪ್ಪಿಸಿದ. "ಕೊಂಬಿಗೆ ಬಣ್ಣ ಹಚ್ಚಿದ್ರೇನ್ಲಾ?" ಅಂತ ಕೇಳಿ ಅಪ್ಪ ನಕ್ಕಿದ್ದು ನನಗೂ ಕೇಳಿಸಿತು. ಆಮೇಲೆ ನಾನು ತಗೊಂಡೆ.

"ನೀವು ಹೋಗಿದ್ರಾ ಅಪ್ಪ, ಕಿಚ್ಚಿಗೆ?"

"ಓ, ಹುಲ್ಲು ನಮ್ದೇ ಅಲ್ವೇನವ್ವ."

ಎತ್ತಿನ ವಿಷಯ ಕೇಳೋಣ ಅನ್ನಿಸಿತು. ಕಬ್ಬು ಕಟಾವು ಆಯ್ತಾ ಅಂತ ಕೇಳಿದೆ. ಇನ್ನೂ ಇಲ್ಲ ಅಂದರು. ಅಲ್ಲಿ ಮಂಜು ಜಾಸ್ತಿಯಂತೆ, ಹುಡುಗನಿಗೆ ಕಿವಿ ಮುಚ್ಚಿ ಕಟ್ಟು ಅಂದರು. ಈಗ ಎಷ್ಟು ಹೊತ್ತು ಮಾತಾಡಿದರೂ ಅಷ್ಟೇ ದುಡ್ಡು ಅಂತ ಸಾವಿರ ಸಲ ಹೇಳಿದ್ದೇನೆ, ನಂಬುವುದಿಲ್ಲ.

"ಸರಿ ಇಡವ್ವ, ನಿಂಗೆ ಬಿಲ್ಲು ಬತ್ತದೆ."