ಕಲ್ಲಿನ ಕೊನೆಯ ಸಾಲು

ನ್ಯೂಕಾಸಲ್‌ಗೆ ಬಂದು ನೆಲೆಸಿ ಹತ್ತು ತಿಂಗಳಾಗುವಷ್ಟರಲ್ಲಿ ಹೇಡ್ರಿಯನ್ ಗೋಡೆಯ ಹೆಸರು ಕೇಳಿಯೇ ನನಗೆ ಬೇಸರ ಬಂದುಬಿಟ್ಟಿತ್ತು. ಕ್ರಿ.ಶ. 122ರಲ್ಲಿ ರೋಮನ್ನರು ಕಟ್ಟತೊಡಗಿದ, ಇಂಗ್ಲೆಂಡಿನ ಪೂರ್ವದಿಂದ ಪಶ್ಚಿಮಕ್ಕೆ ಸುಮಾರು 117 ಕಿಲೋಮೀಟರ್ ಉದ್ದಕ್ಕೆ ಹಾದುಹೋಗುವ ಆ ಗೋಡೆಯನ್ನು ಇನ್ನೂ ನೋಡಿಲ್ಲವೆಂದರೆ, ಶಾಲೆಯ ಗೇಟಿನ ಬಳಿ ಸಿಗುವ ತಾಯಂದಿರಿಂದ ಹಿಡಿದು ಬಾಯ್ಲರ್ ರಿಪೇರಿಗೆ ಬಂದವರವರೆಗೆ ಎಲ್ಲರೂ ನಮ್ಮನ್ನು ಕನಿಕರದಿಂದ ನೋಡುತ್ತಿದ್ದರು. ಮೊದಲ ಚಳಿಗಾಲವೆಲ್ಲ ಮನೆ ಹುಡುಕುವುದು, ಶಾಲೆಗೆ ಸೇರಿಸುವುದು, ಮಕ್ಕಳ ಕೆಮ್ಮು, ಮಧ್ಯಾಹ್ನ ನಾಲ್ಕಕ್ಕೇ ಕವಿಯುವ ಕತ್ತಲು, ಇವುಗಳಲ್ಲೇ ಕಳೆದುಹೋಯಿತು. ಏಪ್ರಿಲ್ ರಜೆಯಲ್ಲಿ ಕೊನೆಗೂ ಹೌಸ್‌ಸ್ಟೆಡ್ಸ್ ಕೋಟೆಗೆ ಹೊರಟೆವು.

ಆ ದಿನದ ಬಗ್ಗೆ ನನಗಿರುವ ಸಿಟ್ಟು ಇನ್ನೂ ಇಳಿದಿಲ್ಲ. ಅದೂ ನಮ್ಮ ಮೇಲೆಯೇ ಇರುವ ಸಿಟ್ಟು. ವಾಹನ ನಿಲ್ಲಿಸುವ ಜಾಗದಿಂದ ಕೋಟೆಯವರೆಗೆ ಸುಮಾರು ಅರ್ಧ ಮೈಲಿ ಏರುದಾರಿ ಇದೆ ಎಂಬುದನ್ನು ಓದಿಕೊಳ್ಳದೆ, ಎರಡೂವರೆ ವರ್ಷದ ಮಗನನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಹೊರಟಿದ್ದೆವು. ಇವರು ಮುಂದಿನಿಂದ ಎಳೆದು, ನಾನು ಹಿಂದಿನಿಂದ ತಳ್ಳಿ, ಎದುರುಗಾಳಿಯಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸದೆ, ಕೇಳಿಸಿದ್ದಷ್ಟೂ ಜಗಳವಾಗಿ, ಅಂತೂ ಮೇಲೆ ತಲುಪಿದೆವು. ಚಿಕ್ಕ ಮಕ್ಕಳಿರುವವರು ತಳ್ಳುಗಾಡಿಯನ್ನು ಕಾರಿನಲ್ಲೇ ಬಿಟ್ಟು ಮಗುವನ್ನು ಬೆನ್ನಿಗೆ ಕಟ್ಟಿಕೊಳ್ಳುವುದು ಒಳ್ಳೆಯದು. ಆರು ವರ್ಷದ ಮಗಳಿಗೆ ಮಾತ್ರ ಆ ಕೋಟೆ ಬಹಳ ಹಿಡಿಸಿತು, ಏಕೆಂದರೆ ಅಲ್ಲಿ ಸೈನಿಕರು ಸಾಲಾಗಿ ಪಕ್ಕಪಕ್ಕದಲ್ಲಿ ಕುಳಿತುಕೊಳ್ಳುತ್ತಿದ್ದ ಸಾಮೂಹಿಕ ಶೌಚಾಲಯದ ಅವಶೇಷ ಚೆನ್ನಾಗಿ ಉಳಿದಿದೆ. ಗೋಡೆಯನ್ನು ಅವಳು ತಿರುಗಿಯೂ ನೋಡಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಅದು ಹೊಲದ ಬದುವಿನಂತೆಯೇ ಕಂಡಿತು.

ಆದ್ದರಿಂದ ಮೇ ತಿಂಗಳ ಒಂದು ಶನಿವಾರ ಸೌತ್ ಶೀಲ್ಡ್ಸ್‌ಗೆ ಹೋಗೋಣವೆಂದು ಇವರು ಹೇಳಿದಾಗ ನಾನು ಒಪ್ಪಿದ್ದು ಅಲ್ಲಿರುವ ಸಮುದ್ರಕ್ಕಾಗಿ, ಅರ್ಬೇಯಾ ಎಂಬ ರೋಮನ್ ಕೋಟೆಗಾಗಿ ಅಲ್ಲ. ಮೆಟ್ರೋ ರೈಲು ಊರಿನೊಳಗೇ ಇಳಿಸುತ್ತದೆ. ಟೈನ್ ನದಿ ಸಮುದ್ರ ಸೇರುವ ಕಡೆ, ಒಂದಕ್ಕೊಂದು ಅಂಟಿಕೊಂಡ ಇಟ್ಟಿಗೆಯ ಮನೆಗಳ ಬೀದಿಗಳ ನಡುವೆ ಈ ಕೋಟೆಯಿದೆ. ಕೆಲವು ಮನೆಗಳ ಕಿಟಕಿ ತೆರೆದರೆ ಎದುರಿಗೇ ರೋಮನ್ ಉಗ್ರಾಣದ ಅಡಿಪಾಯ ಕಾಣಬೇಕು. ಸೆಪ್ಟಿಮಿಯಸ್ ಸೆವೆರಸ್ ಚಕ್ರವರ್ತಿ ಮೂರನೆಯ ಶತಮಾನದ ಆರಂಭದಲ್ಲಿ ಸ್ಕಾಟ್ಲೆಂಡಿನ ಮೇಲೆ ದಂಡೆತ್ತಿ ಹೋದಾಗ ಸೈನ್ಯಕ್ಕೆ ಧಾನ್ಯ ಒದಗಿಸಲು ಈ ಕೋಟೆಯನ್ನು ಉಗ್ರಾಣಗಳಿಂದ ತುಂಬಿಸಲಾಗಿತ್ತಂತೆ. ಪಶ್ಚಿಮದ ಹೆಬ್ಬಾಗಿಲನ್ನು 1980ರ ದಶಕದಲ್ಲಿ ಹೊಸದಾಗಿ ಕಟ್ಟಿ ನಿಲ್ಲಿಸಿದ್ದಾರೆ. ಇಂಥ ಮರುನಿರ್ಮಾಣಗಳ ಬಗ್ಗೆ ನನಗೆ ಅಷ್ಟೇನೂ ಒಲವಿಲ್ಲ, ಆದರೆ ಮಕ್ಕಳು ಹತ್ತಿ ಇಳಿಯಲು ಮೆಟ್ಟಿಲುಗಳಿದ್ದುದರಿಂದ ನಾವಿಬ್ಬರೂ ಅರ್ಧ ಗಂಟೆ ಸುಮ್ಮನೆ ಕೂರುವಂತಾಯಿತು.

ವಸ್ತುಸಂಗ್ರಹಾಲಯದ ಒಳಗೆ ಹೋದದ್ದು ಮಗನ ಬಟ್ಟೆ ಬದಲಿಸಲೆಂದು. ರೆಜಿನಾಳ ಕಲ್ಲನ್ನು ನಾನು ನೋಡಿದ್ದು ಆಗಲೇ.

ಅದು ಎರಡನೆಯ ಶತಮಾನದ ಒಂದು ಸಮಾಧಿಗಲ್ಲು, 1878ರಲ್ಲಿ ಇದೇ ಊರಿನಲ್ಲಿ ಸಿಕ್ಕಿದ್ದು. ಎರಡು ಕಂಬಗಳ ನಡುವಿನ ಗೂಡಿನಲ್ಲಿ ಒಬ್ಬ ಹೆಂಗಸು ಬೆತ್ತದ ಕುರ್ಚಿಯ ಮೇಲೆ ಕುಳಿತಿದ್ದಾಳೆ. ತೊಡೆಯ ಮೇಲೆ ನೂಲುವ ಕದಿರು, ಒಂದು ಪಕ್ಕದಲ್ಲಿ ಉಣ್ಣೆಯ ಉಂಡೆಗಳಿರುವ ಬುಟ್ಟಿ, ಇನ್ನೊಂದು ಪಕ್ಕದಲ್ಲಿ ಅವಳು ಕೈಯಿಂದ ತೆರೆಯುತ್ತಿರುವ ಒಡವೆ ಪೆಟ್ಟಿಗೆ. ಮುಖ ಮಾತ್ರ ಒಡೆದುಹೋಗಿದೆ. ಕೆಳಗೆ ಲ್ಯಾಟಿನ್ನಿನಲ್ಲಿ ಕೊರೆದಿರುವ ಸಾಲುಗಳ ಪ್ರಕಾರ ಅವಳ ಹೆಸರು ರೆಜಿನಾ, ದಕ್ಷಿಣ ಬ್ರಿಟನ್ನಿನ ಕಾಟುವೆಲ್ಲೌನಿ ಬುಡಕಟ್ಟಿನವಳು, ತೀರಿಕೊಂಡಾಗ ಮೂವತ್ತು ವರ್ಷ. ಕಲ್ಲು ನಿಲ್ಲಿಸಿದವನು ಅವಳ ಗಂಡ ಬರಾಟೆಸ್, ಸಿರಿಯಾದ ಪಾಲ್ಮೈರಾ ಪಟ್ಟಣದವನು. ಆ ಲ್ಯಾಟಿನ್ನಿನಲ್ಲಿ ವಿಭಕ್ತಿಗಳು ತಪ್ಪಿವೆಯಂತೆ. ಶಾಲೆಗೆ ಇಂಗ್ಲಿಷಿನಲ್ಲಿ ಎರಡು ಸಾಲಿನ ಮಿಂಚಂಚೆ ಬರೆಯಲು ಇಪ್ಪತ್ತು ನಿಮಿಷ ತೆಗೆದುಕೊಳ್ಳುವ ನನಗೆ ಆ ತಪ್ಪುಗಳಿಂದಲೇ ಬರಾಟೆಸ್ ಹತ್ತಿರದವನಾದ. ಲ್ಯಾಟಿನ್ ಮುಗಿದ ಮೇಲೆ, ತೀರ ಕೆಳಗೆ, ಬಲದಿಂದ ಎಡಕ್ಕೆ ಸರಾಗವಾಗಿ ಹರಿಯುವ ಬೇರೊಂದು ಲಿಪಿಯಲ್ಲಿ ಒಂದೇ ಒಂದು ಸಾಲಿದೆ. ಅದು ಪಾಲ್ಮೈರಾದ ಅರಮಾಯಿಕ್. ಅದರ ಅರ್ಥ ಇಷ್ಟು: ‘ರೆಜಿನಾ, ಬರಾಟೆಸನಿಂದ ಬಿಡುಗಡೆ ಪಡೆದವಳು, ಅಯ್ಯೋ.’

ಬುಡಕಟ್ಟು, ವಯಸ್ಸು, ಊರು ಎಲ್ಲವನ್ನೂ ರಾಜ್ಯಭಾಷೆಯಲ್ಲಿ ದಾಖಲಿಸಿ, ‘ಅಯ್ಯೋ’ ಎಂಬುದನ್ನು ಮಾತ್ರ ಅವನು ತನ್ನ ಮಾತಿಗೆ ಉಳಿಸಿಕೊಂಡಿದ್ದ. ಪರದೇಶದಲ್ಲಿ ಕಳೆದ ಹತ್ತು ತಿಂಗಳ ಒತ್ತಡವೆಲ್ಲ ಅಲ್ಲೇ ಕಣ್ಣಿಗೆ ಬಂತು. ಮಗಳು ಸೆರಗು ಜಗ್ಗಿದಂತೆ ನನ್ನ ಕೋಟು ಜಗ್ಗಿ ಏನಾಯಿತೆಂದು ಕೇಳಿದಳು. ದೂರದೇಶದಿಂದ ಇಲ್ಲಿಗೆ ಬಂದ ಒಬ್ಬಾತ, ಹೆಂಡತಿ ಸತ್ತಾಗ ತನ್ನ ಭಾಷೆಯಲ್ಲಿ ದುಃಖವನ್ನು ಬರೆಸಿದ್ದಾನೆ, ನಮ್ಮ ಹಾಗೆಯೇ ಅವನೂ ಹೊರಗಿನಿಂದ ಬಂದವನು ಎಂದೆ.

‘ಅವಳಿಗೆ ಅವನ ಭಾಷೆ ಬರ್ತಿತ್ತಾ?’

‘ಗೊತ್ತಿಲ್ಲ ಪುಟ್ಟಾ. ಅವಳು ಈ ದೇಶದವಳೇ.’

‘ಹಾಗಾದ್ರೆ ಅವಳ ಭಾಷೇಲಿ ಎಲ್ಲಿದೆ?’

ಎಲ್ಲೂ ಇರಲಿಲ್ಲ. ಬ್ರಿಟನ್ನಿನಲ್ಲೇ ಸಿಕ್ಕಿದ, ಬ್ರಿಟನ್ನಿನ ಹೆಣ್ಣೊಬ್ಬಳ ಸಮಾಧಿಗಲ್ಲಿನ ಮೇಲೆ ಎರಡು ಭಾಷೆಗಳಿದ್ದವು, ಎರಡೂ ಹೊರಗಿನಿಂದ ಬಂದವು. ರೆಜಿನಾ ಎಂಬ ಹೆಸರೂ ಲ್ಯಾಟಿನ್ನಿನದೇ, ರಾಣಿ ಎಂದು ಅರ್ಥ. ಅವಳ ತಾಯಿ ಅವಳನ್ನು ಏನೆಂದು ಕರೆಯುತ್ತಿದ್ದಳೋ. ನಾನು ಉತ್ತರ ಹುಡುಕುತ್ತಿರುವಾಗಲೇ ಮುಂದಿನ ಪ್ರಶ್ನೆ ಬಂತು, ಬಿಡುಗಡೆ ಅಂದರೇನು ಎಂದು. ಅವಳು ಮೊದಲು ದಾಸಿಯಾಗಿದ್ದಳು, ಆಮೇಲೆ ಬರಾಟೆಸ್ ಅವಳನ್ನು ಬಿಡುಗಡೆ ಮಾಡಿ ಮದುವೆಯಾದ ಎಂದು ಆದಷ್ಟು ಮೆಲ್ಲಗೆ ಹೇಳಿದೆ.

‘ಅಂದ್ರೆ ಮೊದ್ಲು ಅವನೇ ಅವಳನ್ನ ಕೊಂಡ್ಕೊಂಡಿದ್ನಾ?’

ಇವರು ಮಗನನ್ನು ಎತ್ತಿಕೊಂಡು ಅತ್ತ ಕಡೆ ರೋಮನ್ ದೀಪಗಳನ್ನು ನೋಡಲು ಹೋದರು. ಕಷ್ಟದ ಪ್ರಶ್ನೆ ಬಂದಾಗ ಇವರಿಗೆ ಯಾವಾಗಲೂ ದೀಪಗಳಲ್ಲಿ ಆಸಕ್ತಿ ಹುಟ್ಟುತ್ತದೆ. ಹೌದು ಎಂದೆ. ಮಗಳು ಬಹಳ ಹೊತ್ತು ಆ ಒಡೆದ ಮುಖವನ್ನು ನೋಡಿ, ‘ಅವಳಿಗೆ ಇಷ್ಟ ಇತ್ತಾ?’ ಎಂದಳು. ನನಗೆ ಉತ್ತರ ತಿಳಿಯದು, ಕಲ್ಲೂ ಹೇಳುವುದಿಲ್ಲ. ಐದು ನಿಮಿಷದ ಹಿಂದೆ ನಾನು ಅಳುತ್ತಿದ್ದದ್ದು ಬರಾಟೆಸನ ಪರವಾಗಿ. ವೀಸಾ, ವಲಸೆ, ತಾಯ್ನುಡಿ ಎಂದು ನನ್ನದೇ ಪಾಡನ್ನು ಅವನ ಮೇಲೆ ಹೊದಿಸಿ, ಕುರ್ಚಿಯ ಮೇಲೆ ಕುಳಿತವಳನ್ನು ಸರಿಯಾಗಿ ನೋಡಿರಲೇ ಇಲ್ಲ. ಅವಳ ದುಬಾರಿ ಒಡವೆ ಪೆಟ್ಟಿಗೆ ನಿಜಕ್ಕೂ ಅವಳದೇ ಆಗಿತ್ತೋ, ಗಂಡನ ಅಂತಸ್ತನ್ನು ತೋರಿಸಲು ಶಿಲ್ಪಿ ಕೆತ್ತಿದ್ದೋ ಎಂಬ ಅನುಮಾನ ಬಂದದ್ದೂ ಆಮೇಲೆಯೇ. ಹಾಗೆಂದು ಆ ‘ಅಯ್ಯೋ’ ಸುಳ್ಳು ಎನ್ನಲೂ ನನಗೆ ಮನಸ್ಸು ಬರುವುದಿಲ್ಲ.

ಹೊರಗೆ ಬಂದು ಸಮುದ್ರದ ದಂಡೆಯಲ್ಲಿ ಮೀನು ಮತ್ತು ಆಲೂಗಡ್ಡೆ ಹುರಿದದ್ದನ್ನು ತಿಂದೆವು; ಮೀನು ತಿನ್ನದ ನನ್ನ ಪಾಲಿಗೆ ಬಂದ ಆಲೂಗಡ್ಡೆ ವಿನೆಗರ್ ಸುರಿದು ಮೆತ್ತಗಾಗಿತ್ತು. ಈ ಊರಿಗೆ ಬಂದರಿನ ಕಾರಣದಿಂದ ಯೆಮೆನ್ನಿನ ನಾವಿಕರು ಹಿಂದಿನಿಂದಲೂ ಬಂದು ನೆಲೆಸಿದ್ದಾರೆ, ಇಲ್ಲಿನ ಮಸೀದಿಗೆ 1977ರಲ್ಲಿ ಮುಷ್ಟಿಯೋಧ ಮುಹಮ್ಮದ್ ಅಲಿ ಬಂದಿದ್ದರು ಎಂದು ಇವರು ಓದಿ ಹೇಳುತ್ತಿದ್ದರು. ಬರಾಟೆಸನ ನಂತರವೂ ದೋಣಿಗಳು ನಿಂತಿರಲಿಲ್ಲವೆಂದಾಯಿತು. ಮಗಳು ಮಾತ್ರ ಮೆಟ್ರೋದಲ್ಲಿ ಮನೆಯವರೆಗೂ ರೆಜಿನಾಳ ಬಗ್ಗೆಯೇ ಕೇಳುತ್ತ ಬಂದಳು, ಅದೂ ಕನ್ನಡದಲ್ಲಿ. ಎಷ್ಟೋ ವಾರಗಳಿಂದ ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಅವಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದಳು.

ಜೂನ್ ತಿಂಗಳಲ್ಲಿ ಅವಳ ಒತ್ತಾಯಕ್ಕೇ ಕಾರ್‌ಬ್ರಿಜ್‌ಗೆ ಹೋದೆವು. ಅಲ್ಲಿಯ ರೋಮನ್ ಪಟ್ಟಣದಲ್ಲಿ ಸಿಕ್ಕಿದ ಇನ್ನೊಂದು ಸಮಾಧಿಗಲ್ಲು ಪಾಲ್ಮೈರಾದಿಂದ ಬಂದವನೊಬ್ಬನದು. ಹೆಸರಿನ ಮೊದಲ ಅಕ್ಷರಗಳು ಒಡೆದುಹೋಗಿದ್ದರೂ ಉಳಿದದ್ದು ಬರಾಟೆಸನ ಹೆಸರಿಗೆ ಹೊಂದುತ್ತದೆ, ಆದ್ದರಿಂದ ಇವನು ಅವನೇ ಇರಬಹುದೆಂದು ಊಹಿಸುತ್ತಾರೆ. ರೈಲು ನಿಲ್ದಾಣ ನದಿಯ ಆಚೆ ಇರುವುದರಿಂದ ಸೇತುವೆ ದಾಟಿ, ಊರು ದಾಟಿ, ಮಗನನ್ನು ಹೊತ್ತು ಬಹಳ ದೂರ ನಡೆಯಬೇಕಾಯಿತು. ಈ ಸಲ ತಳ್ಳುಗಾಡಿ ಮನೆಯಲ್ಲೇ ಇತ್ತು, ಬೇಕಾಗಿದ್ದದ್ದು ಈ ಸಲವೇ. ರೆಜಿನಾಳ ಕಲ್ಲಿನ ಮುಂದೆ ಇದು ತೀರ ಸಾಧಾರಣವಾದದ್ದು: ಧ್ವಜ ಹಿಡಿಯುವವನು, ಅರವತ್ತೆಂಟು ವರ್ಷ ಬದುಕಿದ, ಅಷ್ಟೇ. ಮಗಳು ಬಗ್ಗಿ ಕೆಳಗಿನ ಅಂಚನ್ನು ಬೆರಳಿನಿಂದ ತೋರಿಸಿ, ಇಲ್ಲಿ ಕೊನೆಯ ಸಾಲು ಎಲ್ಲಿ ಎಂದು ಕೇಳಿದಳು. ಇಲ್ಲ, ಬರೆಸುವವರು ಯಾರೂ ಉಳಿದಿರಲಿಲ್ಲವೇನೋ ಎಂದರು ಇವರು, ಈ ಸಲ ದೀಪ ನೋಡಲು ಹೋಗದೆ.