ಬಾಗಿಲು ಎಲ್ಲಿಗೆ ಹೋಗುತ್ತೆ?

ನಮ್ಮ ಇಂಜಿನಿಯರಿಂಗ್ ಕಾಲೇಜಿನ ಲ್ಯಾಬ್ ಹೊಸ ಕಟ್ಟಡಕ್ಕೆ ಹೋಗುತ್ತಿದೆ, ಕಾಲೇಜು ಸಂಚಿಕೆಗೆ ಹಳಬರ ನೆನಪು ಬೇಕು ಅಂತ ಸಂಪಾದಕಿ ಫೋನ್ ಮಾಡಿದಾಗ ನಾನು ಮೊದಲು ಕೇಳಿದ್ದು ಒಂದೇ ಮಾತು. "ಮಾರುತ್ ಹೊರಗೆ ಹೇಗೆ ತರ್ತೀರಿ?" ಆ ಹುಡುಗಿ ನಕ್ಕಳು. "ಅದೇ ಸರ್ ಈಗ ದೊಡ್ಡ ತಲೆನೋವು" ಅಂದಳು.

ನಮ್ಮ ಕಾಲದವರಿಗೆ ಈ ಕತೆ ಗೊತ್ತು. ಹೊಸಬರಿಗಾಗಿ ಹೇಳುತ್ತೇನೆ. ವಾಯುಪಡೆ 1990ರಲ್ಲಿ ಎಚ್‌ಎಫ್-24 ಮಾರುತ್ ವಿಮಾನಗಳನ್ನು ಪೂರ್ತಿ ನಿಲ್ಲಿಸಿತು. ಅವುಗಳಲ್ಲಿ ಕೆಲವು ಕಾಲೇಜುಗಳಿಗೂ ಮ್ಯೂಸಿಯಂಗಳಿಗೂ ಬಂದವು. ನಮಗೂ ಒಂದು ಬಂತು. ಎಂಜಿನ್ ಇರಲಿಲ್ಲ. ರೆಕ್ಕೆ ಬೇರೆ, ಮೈ ಬೇರೆ ಮಾಡಿ ಲಾರಿಯಲ್ಲಿ ತಂದರು. ಲ್ಯಾಬಿನ ಬಾಗಿಲಲ್ಲಿ ಮೈ ಹಿಡಿಯಲಿಲ್ಲ. ಹಿಂದಿನ ಗೋಡೆ ಒಡೆದು ಒಳಗೆ ತಳ್ಳಿದರು, ಒಳಗೇ ರೆಕ್ಕೆ ಜೋಡಿಸಿದರು. ಆಮೇಲೆ ಗೋಡೆ ಮತ್ತೆ ಕಟ್ಟಿ, ಸುಣ್ಣ ಬಳಿದು, ಪೂಜೆ ಮಾಡಿ, ತೆಂಗಿನಕಾಯಿ ಒಡೆದರು. ನಾನು 1992ರಲ್ಲಿ ಸೇರುವ ಹೊತ್ತಿಗೆ ಆ ಗೋಡೆಯ ಮೇಲೆ ಫ್ಲೂಯಿಡ್ ಮೆಕ್ಯಾನಿಕ್ಸ್ ಚಾರ್ಟ್ ತೂಗುತ್ತಿತ್ತು.

ಮಾರುತ್ ಅಂದರೆ ಸುಮ್ನೆ ಅಲ್ಲ. ಭಾರತದಲ್ಲೇ ವಿನ್ಯಾಸ ಮಾಡಿ ಕಟ್ಟಿದ ಮೊದಲ ಜೆಟ್ ಫೈಟರ್. ಜರ್ಮನಿಯಲ್ಲಿ ಫೋಕ್-ವುಲ್ಫ್ ವಿಮಾನಗಳನ್ನು ಮಾಡಿದ್ದ ಕರ್ಟ್ ಟ್ಯಾಂಕ್ 1956ರಲ್ಲಿ ಬೆಂಗಳೂರಿಗೆ ಬಂದು ಎಚ್‌ಎಎಲ್‌ನವರ ಜೊತೆ ಕೂತು ಮಾಡಿದ್ದು. 1961ರ ಜೂನ್ 17ರಂದು ಸುರಂಜನ್ ದಾಸ್ ಅದನ್ನು ಮೊದಲ ಸಲ ಹಾರಿಸಿದರು. ಮೈಕಟ್ಟು ಸೊಗಸು, ಎಂಜಿನ್ ಮಾತ್ರ ಬಡಕಲು. ಅಂದುಕೊಂಡಿದ್ದ ಶಕ್ತಿಯ ಎಂಜಿನ್ ಕೊನೆಗೂ ಸಿಗಲಿಲ್ಲ. ಮದುವೆಗೆ ಹೊಲಿಸಿದ ಕೋಟು, ಒಳಗೆ ಉಪವಾಸದ ಮೈ ಅಂತ ನಮ್ಮ ಡ್ರಾಯಿಂಗ್ ಮೇಷ್ಟ್ರು ಹೇಳುತ್ತಿದ್ದರು.

ಈ ಬರಹ ನಿಜವಾಗಿ ಆ ಮೇಷ್ಟ್ರ ಬಗ್ಗೆಯೇ. ಹೆಸರು ಹಾಕಬೇಡ ಅಂತ ಬದುಕಿದ್ದಾಗ ಅವರೇ ಹೇಳಿದ್ದರು, ಹಾಕುವುದಿಲ್ಲ. ವಿಮಾನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು, ರಿಟೈರ್ ಆದ ಮೇಲೆ ನಮಗೆ ಪಾಠ ಮಾಡಲು ಬಂದವರು. ಅರ್ಧ ತೋಳಿನ ಬಿಳಿ ಶರ್ಟು. ಕಿವಿಯ ಹಿಂದೆ ಯಾವಾಗಲೂ ಒಂದು ಕೆಂಪು ಪೆನ್ಸಿಲ್.

ಎರಡನೇ ವರ್ಷ ಮೊದಲ ಕ್ಲಾಸಿನಲ್ಲೇ ಅವರು ನಮ್ಮ ಉತ್ಸಾಹಕ್ಕೆ ನೀರು ಸುರಿದರು. ನಾವೆಲ್ಲ ಫೈಟರ್ ವಿಮಾನ ಬರೆಯಲು ಹೊಸ ಪೆನ್ಸಿಲ್ ಚೂಪು ಮಾಡಿಕೊಂಡು ಕೂತಿದ್ದೆವು. "ವಿಮಾನ ಆಮೇಲೆ. ಮೊದಲು ಅದರ ಮನೆ ಬರೀರಿ" ಅಂದರು. ಮಾರುತ್ ಒಂದನ್ನು ನಿಲ್ಲಿಸುವ ಹ್ಯಾಂಗರ್. ನೆಲದ ನಕ್ಷೆ, ಮುಂಭಾಗ, ಅಡ್ಡಕೊಯ್ತ. ಒಂದು ವಾರ ಟೈಮು.

ನಾನು ತಿಪಟೂರಿನ ಕಡೆಯವನು. ನನಗೆ ಗೊತ್ತಿದ್ದ ಶೆಡ್ಡು ಅಂದರೆ ಕೊಬ್ಬರಿ ಅಟ್ಟ, ಗಾಡಿ ನಿಲ್ಲಿಸುವ ಚಪ್ಪರ, ದನದ ಕೊಟ್ಟಿಗೆ. ಅದನ್ನೇ ದೊಡ್ಡದು ಮಾಡಿದೆ. ಮಾಡು ಹೊರುವ ಟ್ರಸ್ ಚೆನ್ನಾಗಿ ಬಂತು, ಶೇಡಿಂಗ್ ಮಾಡಿದೆ, ಮುಂದೆ ಗಾಳಿಯ ದಿಕ್ಕು ತೋರಿಸುವ ಗಾಳಿಚೀಲ ಕೂಡ ಹಾಕಿದೆ. ಮೇಷ್ಟ್ರು ಹಾಳೆಯನ್ನು ಒಂದು ನಿಮಿಷ ನೋಡಿದರು. ನನ್ನ ಬಾಗಿಲು ಒಳಕ್ಕೆ ಮಡಚಿ ಮೇಲೇರುವಂಥದ್ದು. ಅವರು ಕಂಪಾಸ್ ತೆಗೆದುಕೊಂಡು ಬಾಗಿಲು ತಿರುಗುವ ದಾರಿಯನ್ನು ಕೆಂಪಲ್ಲಿ ಎಳೆದರು. ಆ ಕಮಾನು ನೆಟ್ಟಗೆ ಹೋಗಿ ಮಾರುತ್‌ನ ಬಾಲಕ್ಕೆ ಬಡಿಯಿತು. ಕೆಳಗೆ ಬರೆದರು: "ಬಾಗಿಲು ಎಲ್ಲಿಗೆ ಹೋಗುತ್ತೆ?" ಇಪ್ಪತ್ತಕ್ಕೆ ನಾಲ್ಕು.

ಎರಡನೇ ಸಲ ಜಾರುವ ಬಾಗಿಲು ಮಾಡಿದೆ. ತೆಗೆದ ಹಲಗೆ ನಿಲ್ಲಲು ಪಕ್ಕದಲ್ಲಿ ಜಾಗವೇ ಬಿಟ್ಟಿರಲಿಲ್ಲ. ಮೂರನೇ ಸಲ ಜಾಗ ಬಿಟ್ಟೆ, ಹಳಿಯೊಳಗೆ ಮಳೆನೀರು ನಿಲ್ಲುತ್ತಿತ್ತು. "ಮಾಡು ಯಾರು ಬೇಕಾದ್ರೂ ಹಾಕ್ತಾರೆ ಕಣಯ್ಯಾ. ಹ್ಯಾಂಗರ್ ಅಂದ್ರೆ ಬಾಗಿಲು. ಉಳಿದದ್ದು ಛತ್ರ" ಅಂದರು. ನನಗೆ ಸಿಟ್ಟು ಬಂದಿತ್ತು. ಬಾಗಿಲು ಬರೆಯೋಕೆ ಬಡಗಿ ಸಾಕಲ್ವಾ, ಇಂಜಿನಿಯರಿಂಗ್ ಯಾಕೆ ಓದಬೇಕು ಅಂತ ಹಾಸ್ಟೆಲಿನಲ್ಲಿ ಕೂಗಾಡಿದ್ದೆ.

ಆದರೆ ಅವರ ಕತೆಗಳನ್ನು ಮಾತ್ರ ತಪ್ಪಿಸಿಕೊಳ್ಳುತ್ತಿರಲಿಲ್ಲ. ಸೀನಿಯರ್ ಕೆಲಸಗಾರರಿಂದ ಅವರು ಕೇಳಿಸಿಕೊಂಡವು. ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸರ್ಕಾರ ಸೇರಿ 1940ರ ಡಿಸೆಂಬರ್‌ನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಶುರು ಮಾಡಿದ್ದು. ಯುದ್ಧ ಜೋರಾದಾಗ ಅಮೆರಿಕದ ಸೇನೆಯವರು ಬಂದು, ಹೊಸ ವಿಮಾನ ಕಟ್ಟಬೇಕಿದ್ದ ಜಾಗ ರಿಪೇರಿ ಅಂಗಳವಾದದ್ದು. ನೀರಿನ ಮೇಲೆ ಇಳಿಯುವ ಕ್ಯಾಟಲೀನಾ ವಿಮಾನಗಳು ಬೆಳ್ಳಂದೂರು ಕೆರೆಗೆ ಬರುತ್ತಿದ್ದದ್ದು. ಹೌದು, ಅದೇ ಬೆಳ್ಳಂದೂರು ಕೆರೆ, ಈಗ ನೊರೆಗೆ ಹೆಸರುವಾಸಿ. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಬಿಟ್ಟುಹೋಗಿದ್ದ ಅಮೆರಿಕದ ಲಿಬರೇಟರ್ ಬಾಂಬರ್‌ಗಳನ್ನು ಎತ್ತಿ ತಂದು, ಬಡಿದು ನೆಟ್ಟಗೆ ಮಾಡಿ, ನಮ್ಮ ವಾಯುಪಡೆಗೆ ಕೊಟ್ಟದ್ದೂ ಇವರೇ. ಅವು 1968ರವರೆಗೆ ಹಾರಿದವು. ವಿಮಾನದ ಕೆಲಸ ಕಡಿಮೆ ಇದ್ದಾಗ ರೈಲು ಬೋಗಿ, ಬಸ್ಸಿನ ಬಾಡಿ. "ಒಳಗೆ ಏನು ಬರುತ್ತೋ ಹೋಗುತ್ತೋ, ಶೆಡ್ಡು ಕೇಳೋದಿಲ್ಲ" ಅನ್ನುತ್ತಿದ್ದರು.

ಒಂದು ದಿನ ಮಳೆ ಬಂದು ಕರೆಂಟ್ ಹೋಯಿತು. ಡ್ರಾಯಿಂಗ್ ಹಾಲಿನಲ್ಲಿ ಕತ್ತಲು. ಆಗ ಅವರು ಕರಾಚಿಯ ಕತೆ ಹೇಳಿದರು. ಇಂಗ್ಲೆಂಡಿನಿಂದ ಇಂಡಿಯಾಕ್ಕೆ ಹಡಗಿನಲ್ಲಿ ವಾರಗಟ್ಟಲೆ ಹಿಡಿಯುತ್ತಿದ್ದ ಕಾಲ. ಹಗುರ ಅನಿಲ ತುಂಬಿ ತೇಲಿಸುವ ವಾಯುನೌಕೆಯಲ್ಲಿ (ಏರ್‌ಶಿಪ್) ಕೆಲವೇ ದಿನಗಳಲ್ಲಿ ಬರಬಹುದು ಅಂತ ಬ್ರಿಟಿಷರು ಲೆಕ್ಕ ಹಾಕಿದರು. ಅತಿಥಿ ಬರುವ ಮೊದಲೇ ಮನೆ ಸಿದ್ಧವಾಯಿತು. ಕರಾಚಿಯ ಮರಳಿನ ಮೇಲೆ ಸುಮಾರು 850 ಅಡಿ ಉದ್ದದ ಕಬ್ಬಿಣದ ಶೆಡ್ಡು. ಊರಿನವರು ಅದಕ್ಕೆ ಇಟ್ಟ ಹೆಸರು ಕಾಲಾ ಛಪ್ರಾ, ಕರಿ ಚಪ್ಪರ. 1930ರ ಅಕ್ಟೋಬರ್ 4ರ ಸಂಜೆ ಆರ್-101 ವಾಯುನೌಕೆ ಇಂಗ್ಲೆಂಡಿನ ಕಾರ್ಡಿಂಗ್ಟನ್ನಿಂದ ಹೊರಟಿತು. ವಿಮಾನಖಾತೆಯ ಮಂತ್ರಿ ಲಾರ್ಡ್ ಥಾಮ್ಸನ್ ಕೂಡ ಒಳಗಿದ್ದರು. ಗಾಳಿ, ಮಳೆ. ಬೆಳಗಾಗುವ ಮೊದಲೇ ಫ್ರಾನ್ಸಿನ ಬೋವೆ ಊರಿನ ಹತ್ತಿರ ಗುಡ್ಡದ ಮೇಲೆ ಬಿತ್ತು. ಒಳಗಿದ್ದದ್ದು ಹೈಡ್ರೋಜನ್, ಹೊತ್ತಿಕೊಂಡಿತು. 54 ಜನರಲ್ಲಿ 48 ಜನ ಸತ್ತರು, ಮಂತ್ರಿಯೂ. ಬ್ರಿಟಿಷರು ವಾಯುನೌಕೆಯ ಆಸೆಯನ್ನೇ ಬಿಟ್ಟರು. ಚೆನ್ನಾಗಿಯೇ ಹಾರುತ್ತಿದ್ದ ಅದರ ಜೋಡಿ ಆರ್-100 ಅನ್ನು ಒಡೆದು ಗುಜರಿಗೆ ಹಾಕಿದರು. ಕರಾಚಿಯ ಚಪ್ಪರಕ್ಕೆ ಒಂದೇ ಒಂದು ವಾಯುನೌಕೆಯೂ ಬರಲಿಲ್ಲ.

"ಹೆಣ್ಣು ಬಾರದ ಮದುವೆಗೆ ಹಾಕಿದ ಚಪ್ಪರ" ಅಂದರು ಮೇಷ್ಟ್ರು. ಯಾರೋ ಹಿಂದಿನ ಬೆಂಚಿನಿಂದ "ಬಾಗಿಲು ಹೇಗಿತ್ತು ಸರ್?" ಅಂತ ಕೇಳಿದರು. ಗೇಲಿ ಮಾಡಲು ಕೇಳಿದ್ದು. ಮೇಷ್ಟ್ರಿಗೆ ಎಷ್ಟು ಖುಷಿಯಾಯಿತು ಅಂದರೆ ಕತ್ತಲಲ್ಲೂ ಗೊತ್ತಾಯಿತು.

ಮುಂದಿನದು ಬೇಗ ಹೇಳಿಬಿಡುತ್ತೇನೆ. ಪಾಸಾದೆ. ನಮ್ಮ ಬ್ಯಾಚಿನ ಬಹಳ ಜನರ ಹಾಗೆ ವಿಮಾನ ಬಿಟ್ಟು ಸಾಫ್ಟ್‌ವೇರ್‌ಗೆ ಬಿದ್ದೆ. 1999ರಲ್ಲಿ ಕೆಲಸದ ಮೇಲೆ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ಗೆ ಬಂದೆ. ಮೊದಲ ದಿನ ಗೆಳೆಯನ ಕಾರಿನಲ್ಲಿ 101 ಹೆದ್ದಾರಿಯಲ್ಲಿ ಹೋಗುತ್ತಿದ್ದಾಗ ಬಲಗಡೆ ಏನೋ ಕಂಡಿತು. ಕಟ್ಟಡ ಅನ್ನಿಸಲಿಲ್ಲ. ಮಗುಚಿ ಹಾಕಿದ ದೋಣಿಯಂಥ ಬೆಳ್ಳಿ ಬಣ್ಣದ ಗುಡ್ಡ. "ಅದಾ? ಹ್ಯಾಂಗರ್ ಒನ್. ಹಳೇದು" ಅಂದ ಗೆಳೆಯ. ದಿನಾ ನೋಡಿ ನೋಡಿ ಅವನಿಗೆ ಅದು ಕಾಣುವುದೇ ನಿಂತಿತ್ತು. ಇಲ್ಲಿ ಕನ್ನಡ ಕೂಟದ ಯುಗಾದಿಗೆ ಬರುವ ಅರ್ಧ ಜನ ಆ ದಾರಿಯಲ್ಲೇ ಕೆಲಸಕ್ಕೆ ಹೋಗುವವರು. ಎಷ್ಟೋ ಜನರಿಗೆ ಅದರೊಳಗೆ ಏನಿತ್ತು ಅಂತ ಗೊತ್ತಿಲ್ಲ.

ಅದರೊಳಗೆ ಇದ್ದದ್ದು ಯುಎಸ್‌ಎಸ್ ಮೇಕನ್. ಅಮೆರಿಕದ ನೌಕಾಪಡೆಯ ವಾಯುನೌಕೆ, 785 ಅಡಿ ಉದ್ದ. ಮೂರು ಜಂಬೋ ಜೆಟ್‌ಗಳನ್ನು ಸಾಲಾಗಿ ನಿಲ್ಲಿಸಿದರೂ ಅದರ ಉದ್ದ ಮುಟ್ಟುವುದಿಲ್ಲ. ಹೊಟ್ಟೆಯಲ್ಲಿ ಹೀಲಿಯಂ, ಜೊತೆಗೆ ಪುಟ್ಟ ಫೈಟರ್ ವಿಮಾನಗಳು. ಹೌದು, ವಿಮಾನದೊಳಗೆ ವಿಮಾನ! ಸ್ಪ್ಯಾರೋಹಾಕ್ ಅಂತ ಹೆಸರು. ಮೇಲೆ ಒಂದು ಕೊಕ್ಕೆ. ಹಾರುತ್ತಿರುವಾಗಲೇ ಮೇಕನ್ ಕೆಳಗೆ ಇಳಿಬಿಟ್ಟ ಅಡ್ಡಕೋಲಿಗೆ ಬಾವಲಿಯಂತೆ ಸಿಕ್ಕಿಸಿಕೊಳ್ಳುತ್ತಿದ್ದವು. ಆಮೇಲಾಮೇಲೆ ಸಮುದ್ರದ ಮೇಲೆ ಹೋಗುವಾಗ ಅವುಗಳ ಚಕ್ರಗಳನ್ನೇ ಬಿಚ್ಚಿಟ್ಟು, ಆ ಭಾರಕ್ಕೆ ಬದಲು ಜಾಸ್ತಿ ಪೆಟ್ರೋಲ್ ತುಂಬುತ್ತಿದ್ದರಂತೆ. ಆ ಪೈಲಟ್‌ಗಳ ಎದೆಗಾರಿಕೆ ನೋಡಿ.

ಮನೆ ಇನ್ನೂ ದೊಡ್ಡದು. 1,133 ಅಡಿ ಉದ್ದ, 308 ಅಡಿ ಅಗಲ, 198 ಅಡಿ ಎತ್ತರ. ಎಂಟು ಎಕರೆ ನೆಲ, ನಡುವೆ ಒಂದೂ ಕಂಬವಿಲ್ಲ. ನಮ್ಮೂರಲ್ಲಿ ಎಂಟು ಎಕರೆ ತೆಂಗಿನ ತೋಟ ಇದ್ದವನನ್ನು ಸಾಹುಕಾರ ಅನ್ನುತ್ತಾರೆ. ಆ ತೋಟ ಪೂರ್ತಿ ಅದರ ಸೂರಿನೊಳಗೆ ಹಿಡಿಯುತ್ತೆ, ಗರಿ ತಾಗುವುದಿಲ್ಲ. ಕೆಲವು ದಿನ ಮಾಡಿನ ಕೆಳಗೆ ಮಂಜು ಕಟ್ಟುತ್ತಿತ್ತು ಅನ್ನುತ್ತಾರೆ.

2000ದಲ್ಲಿ ಒಮ್ಮೆ ಒಳಗೆ ಹೋಗುವ ಅವಕಾಶ ಸಿಕ್ಕಿತು. ಎಲ್ಲರೂ ಮೇಲೆ ನೋಡುತ್ತಿದ್ದರು. ನಾನು ಬಾಗಿಲ ಹತ್ತಿರ ಹೋದೆ. ಕಿತ್ತಳೆಹಣ್ಣಿನ ಸಿಪ್ಪೆಯನ್ನು ಸೀಳಿದ ಹಾಗೆ ಎರಡು ಬಾಗಿದ ಹೋಳು, ತುದಿಯಲ್ಲಿ ಒಂದು ತಿರುಗಣೆ, ಬುಡದಲ್ಲಿ ಹಳಿ. ತೆರೆದಾಗ ಹೋಳುಗಳು ಹ್ಯಾಂಗರಿನ ಮೈಗೆ ಒತ್ತಿಕೊಂಡು ಪಕ್ಕಕ್ಕೆ ಸರಿದು ನಿಲ್ಲುತ್ತವೆ. ಯಾಕೆ ಹಾಗೆ ಅಂತ ಅಲ್ಲಿ ನಿಂತಾಗ ಹೊಳೆಯಿತು. ವಾಯುನೌಕೆಗೆ ಭಾರವೇ ಇಲ್ಲ, ಮೈ ಮಾತ್ರ ಗುಡ್ಡದಷ್ಟು. ಚಪ್ಪಟೆ ಬಾಗಿಲು ತೆರೆದು ನಿಂತರೆ ಗಾಳಿ ಅದಕ್ಕೆ ಬಡಿದು ಸುಳಿಯಾಗುತ್ತೆ, ಆ ಸುಳಿ ಹೊರಬರುತ್ತಿರುವ ನೌಕೆಯನ್ನು ಗೋಡೆಗೆ ಅಪ್ಪಳಿಸುತ್ತೆ. ಬಾಗಿದ ಬಾಗಿಲಾದರೆ ಗಾಳಿ ಜಾರಿ ಹೋಗುತ್ತೆ. ಒಂದು ಮದುವೆ ಮಂಟಪದಷ್ಟು ದೊಡ್ಡ ಬಾಗಿಲು, ಅದು ಎಲ್ಲಿಗೆ ಹೋಗುತ್ತೆ ಅಂತ ಯಾರೋ ಮೊದಲೇ ಯೋಚಿಸಿದ್ದಾರೆ! ನೆಲದ ಮೇಲೆ ಗಾಳಿಗೆ ಸಿಕ್ಕ ವಾಯುನೌಕೆ ಎಷ್ಟು ಅಪಾಯ ಅಂತ ಅವರಿಗೆ ಗೊತ್ತಿತ್ತು. 1932ರಲ್ಲಿ ಸ್ಯಾನ್ ಡಿಯೇಗೋ ಹತ್ತಿರ ಮೇಕನ್‌ನ ಅಕ್ಕ ಆಕ್ರನ್ ಇಳಿಯುವಾಗ ಹಗ್ಗ ಹಿಡಿದಿದ್ದ ನಾವಿಕರಲ್ಲಿ ಮೂವರನ್ನು ಮೇಲೆತ್ತಿಕೊಂಡು ಹೋಯಿತು. ಇಬ್ಬರು ಬಿದ್ದು ಸತ್ತರು.

ಆಕ್ರನ್‌ನ ಕೊನೆ ಇನ್ನೂ ಕೆಟ್ಟದು. 1933ರ ಏಪ್ರಿಲ್‌ನಲ್ಲಿ ನ್ಯೂಜೆರ್ಸಿಯ ಸಮುದ್ರದ ಮೇಲೆ ಬಿರುಗಾಳಿಗೆ ಸಿಕ್ಕಿ ಮುಳುಗಿತು, 76 ಜನರಲ್ಲಿ 73 ಜನ ಹೋದರು. ಅವರಲ್ಲಿ ಅಡ್ಮಿರಲ್ ವಿಲಿಯಂ ಮೋಫೆಟ್ ಒಬ್ಬರು, ಈ ಸನ್ನಿವೇಲ್ ನೆಲೆಗಾಗಿ ಓಡಾಡಿದವರು. ಅವರ ಹೆಸರನ್ನೇ ಈ ಮೈದಾನಕ್ಕೆ ಇಟ್ಟರು. ಮೇಕನ್ ಇಲ್ಲಿಗೆ ಬಂದದ್ದು 1933ರ ಅಕ್ಟೋಬರ್‌ನಲ್ಲಿ. ಮುಂದಿನ ವರ್ಷ ಟೆಕ್ಸಾಸ್ ದಾಟುವಾಗ ಬಾಲದ ಹತ್ತಿರದ ಚೌಕಟ್ಟಿಗೆ ಪೆಟ್ಟಾಯಿತು. ಬಲಪಡಿಸುವ ಕೆಲಸ ಪೂರ್ತಿ ಮುಗಿಯಲಿಲ್ಲ. 1935ರ ಫೆಬ್ರವರಿ 12ರಂದು ಕ್ಯಾಲಿಫೋರ್ನಿಯಾ ಕರಾವಳಿಯ ಪಾಯಿಂಟ್ ಸರ್ ಎಂಬಲ್ಲಿ ಒಂದು ಗಾಳಿಯ ಹೊಡೆತಕ್ಕೆ ಮೇಲಿನ ರೆಕ್ಕೆಬಾಲ ಕಿತ್ತುಹೋಯಿತು, ನೌಕೆ ನಿಧಾನ ಸಮುದ್ರಕ್ಕೆ ಇಳಿಯಿತು. ಈ ಸಲ ಲೈಫ್ ಜಾಕೆಟ್ ಇದ್ದವು. 83 ಜನರಲ್ಲಿ ಇಬ್ಬರನ್ನು ಬಿಟ್ಟು ಎಲ್ಲರೂ ಉಳಿದರು. ಹದಿನಾರು ತಿಂಗಳ ಬಾಡಿಗೆದಾರನಿಗಾಗಿ ಕಟ್ಟಿದ ಮನೆ ಈಗ ತೊಂಬತ್ತು ದಾಟಿ ನಿಂತಿದೆ.

ಆ ಬಾಗಿಲಿನ ನಾಲ್ಕು ಫೋಟೋ ತೆಗೆದು, ಪ್ರಿಂಟ್ ಹಾಕಿಸಿ ಮೇಷ್ಟ್ರಿಗೆ ಪೋಸ್ಟ್ ಮಾಡಿದೆ. ಮೂರು ವಾರಕ್ಕೆ ಉತ್ತರ ಬಂತು. ಎರಡೇ ಸಾಲು. "ಬಾಗಿಲು ಸೊಗಸಾಗಿದೆ. ಹಳಿಯ ಒಳಗೆ ಮಳೆನೀರು ಎಲ್ಲಿಗೆ ಹೋಗುತ್ತೆ?" ನಾನು ಅದನ್ನು ನೋಡಿಯೇ ಇರಲಿಲ್ಲ. ಇನ್ನೊಮ್ಮೆ ಹೋಗಿ ನೋಡೋಣ ಅಂದುಕೊಂಡೆ, ಆಗಲಿಲ್ಲ. ಹ್ಯಾಂಗರಿನ ಹೊದಿಕೆಯಲ್ಲಿ ವಿಷದ ರಾಸಾಯನಿಕ ಇದೆ ಅಂತ ಗೊತ್ತಾಗಿ ಮುಚ್ಚಿದರು. 2011ರಿಂದ ಶುರುಮಾಡಿ ಹೊದಿಕೆ ಕಿತ್ತರು. ಕೆಲವು ವರ್ಷ ಹೆದ್ದಾರಿಯಿಂದ ಬರೀ ಅಸ್ಥಿಪಂಜರ ಕಾಣುತ್ತಿತ್ತು, ಸಂಜೆ ಹೊತ್ತು ಅದರೊಳಗಿಂದ ಸೂರ್ಯ ತೂರಿ ಬರುತ್ತಿದ್ದ. ನನಗೆ ಅದು ಮೇಷ್ಟ್ರು ಶೇಡಿಂಗ್ ಅಳಿಸಿ ಹಾಕಿದ ಡ್ರಾಯಿಂಗ್ ಹಾಗೆ ಕಾಣುತ್ತಿತ್ತು. 2014ರಲ್ಲಿ ಗೂಗಲ್‌ನ ಅಂಗಸಂಸ್ಥೆ 60 ವರ್ಷಕ್ಕೆ ಲೀಸ್‌ಗೆ ತೆಗೆದುಕೊಂಡಿತು. ಹ್ಯಾಂಗರ್ ಸರಿಮಾಡಿಸಬೇಕು ಅನ್ನುವುದು ಅದರ ಒಂದು ಷರತ್ತು.

ಪಕ್ಕದಲ್ಲಿ ಯುದ್ಧದ ಕಾಲದಲ್ಲಿ ಇನ್ನೆರಡು ಹ್ಯಾಂಗರ್ ಎದ್ದವು. ಉಕ್ಕಿಗೆ ಬರ ಇದ್ದುದರಿಂದ ಮರದಲ್ಲಿ ಕಟ್ಟಿದವು. ಅದರಲ್ಲಿ ಒಂದರಿಂದ 2023ರ ನವೆಂಬರ್‌ನಲ್ಲಿ ಪಾತ್‌ಫೈಂಡರ್-1 ಅನ್ನುವ ಹೊಸ ವಾಯುನೌಕೆ ಹೊರಗೆ ಬಂತು, ಸುಮಾರು 400 ಅಡಿ ಉದ್ದ. ನಾನು ಆಫೀಸಿಗೆ ಲೇಟಾದರೂ ಪರವಾಗಿಲ್ಲ ಅಂತ ಗಾಡಿ ಪಕ್ಕಕ್ಕೆ ಹಾಕಿ ನೋಡಿದೆ. ಮೇಷ್ಟ್ರು ಆಗಲೇ ಇರಲಿಲ್ಲ.

ಈಗ ಮಾರುತ್ ವಿಷಯ. ರೆಕ್ಕೆಯ ಬೋಲ್ಟುಗಳು ತುಕ್ಕು ಹಿಡಿದಿವೆ, ಬಿಚ್ಚಲು ಬರುವುದಿಲ್ಲ, ಇಡಿಯಾಗಿಯೇ ಎಳೆಯುತ್ತೇವೆ ಅಂತ ಸಂಪಾದಕಿ ಹೇಳಿದಳು. ಹಿಂದಿನ ಗೋಡೆಯನ್ನು ಮತ್ತೆ ಒಡೆಯುತ್ತಾರಂತೆ. ಹುಡುಗರೇ, ಸುತ್ತಿಗೆ ಎತ್ತುವ ಮೊದಲು ಒಂದು ಹಾಳೆಯ ಮೇಲೆ ಬರೆದು ನೋಡಿ. ಉದ್ದ 15.87 ಮೀಟರ್, ರೆಕ್ಕೆ ತುದಿಯಿಂದ ತುದಿಗೆ 9 ಮೀಟರ್, ಬಾಲದ ಎತ್ತರ 3.6 ಮೀಟರ್. ಆದರೆ ಟೇಪು ಹಿಡಿದು ಅಳೆದರೆ ಬಾಲ ಸ್ವಲ್ಪ ಕಡಿಮೆಯೇ ಬರುತ್ತೆ, ನಂಬಬೇಡಿ. ನಮ್ಮ ಕಾಲದಿಂದಲೂ ಅದರ ಟೈರಿನಲ್ಲಿ ಗಾಳಿ ಇಲ್ಲ. ಎಳೆಯಲು ನೀವು ಗಾಳಿ ತುಂಬುತ್ತೀರಲ್ಲ, ಆಗ ಬಾಲ ಮೇಲೇಳುತ್ತೆ. ಮೇಲಿನ ತೊಲೆಗೆ ಒಂದು ಗೇಣು ಜಾಗ ಜಾಸ್ತಿಯೇ ಬಿಡಿ.